ಹಾಲೆಂಡಿನಿಂದ ಹೊರಡುವ ಮುನ್ನ

ಕಳೆದ ಮಹಾಸಭೆಯ ದಿನ ಸಂಘದ ಕಾರ್ಯದರ್ಶಿಯವರು ನಮ್ಮನ್ನು ಬದಿಗೆ ಕರೆದು, "ನಿಮ್ಮ ಮಗಳು ಹಾಲೆಂಡಿನಲ್ಲಿ ಓದಿದ ವಿಚಾರವನ್ನು ಪತ್ರಿಕೆಗೆ ನಾಲ್ಕು ಪುಟ ಬರೆದುಕೊಡಿ. ಮಕ್ಕಳನ್ನು ಹೊರದೇಶಕ್ಕೆ ಕಳಿಸಬೇಕೆಂಬ ಸದಸ್ಯರು ಈಗ ಬಹಳ ಮಂದಿ ಇದ್ದಾರೆ" ಎಂದರು. ನಾವು ಗಂಡ ಹೆಂಡತಿ ಹಾಲೆಂಡನ್ನು ಕಂಡವರಲ್ಲ. ಕಂಡದ್ದೆಲ್ಲ ಫೋನಿನ ಅಂಗೈಯಗಲದ ಪರದೆಯಲ್ಲಿ. ಆದರೂ ಅವಳು ಅಲ್ಲಿಂದ ಹೊರಡುವ ಮುನ್ನ ಕಳೆದ ಮೂರು ವಾರಗಳನ್ನು, ಅಂದರೆ 2024ರ ಡಿಸೆಂಬರ್ 2ರಿಂದ 22ರವರೆಗಿನ ದಿನಗಳನ್ನು, ನಾವು ಇಲ್ಲಿಂದಲೇ ದಿನಕ್ಕೊಮ್ಮೆ ಅವಳ ಜೊತೆ ಕಳೆದಿದ್ದೇವೆ. ಅದನ್ನು ಕಂಡಂತೆ ಬರೆಯುತ್ತೇವೆ. ಇದರಲ್ಲಿ ನಮ್ಮ ತೋಟದ ಒಂದು ತಪ್ಪಿನ ಕಥೆಯೂ ಸೇರಿಕೊಂಡಿದೆ. ಅದನ್ನು ಬಿಟ್ಟು ಬರೆದರೆ ಉಳಿದದ್ದಕ್ಕೆ ಅರ್ಥವಿರುವುದಿಲ್ಲ.

ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಐದೂವರೆ ಎಕರೆ ಕಾಫಿ. ಹೆಚ್ಚಿನದು ಅರೇಬಿಕಾ, ಕೆಳಗಡೆ ಸ್ವಲ್ಪ ರೋಬಸ್ಟಾ. ಹಳ್ಳದ ಬದಿಯಲ್ಲಿ ಮುಕ್ಕಾಲು ಎಕರೆ ಅಡಿಕೆ. ನಮ್ಮ ಅಜ್ಜಂದಿರು ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದವರು. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ಕನ್ನಡ ಮತ್ತು ತುಳು. ಒಬ್ಬಳೇ ಮಗಳು. ಕೃಷಿ ಪದವಿ ಮುಗಿಸಿ, ಅರ್ಧ ವಿದ್ಯಾರ್ಥಿವೇತನದ ಮೇಲೆಯೂ ಉಳಿದರ್ಧ ತೋಟದ ಮೇಲಿನ ಸಾಲದ ಮೇಲೆಯೂ ವಾಗೆನಿಂಗೆನ್ ವಿಶ್ವವಿದ್ಯಾಲಯಕ್ಕೆ ಎರಡು ವರುಷದ ಎಂ.ಎಸ್ಸಿ. ಓದಲು ಹೋದಳು.

ವಾಗೆನಿಂಗೆನ್ ಎಂಬುದು ಸುಮಾರು ನಲವತ್ತು ಸಾವಿರ ಜನರ ಊರು. ರೈನ್ ನದಿಯ ಒಂದು ಕವಲಿನ ದಡದಲ್ಲಿದೆ. 1945ರ ಮೇ ತಿಂಗಳಲ್ಲಿ ಹಾಲೆಂಡಿನಲ್ಲಿದ್ದ ಜರ್ಮನ್ ಸೇನೆಯ ಶರಣಾಗತಿಯ ಮಾತುಕತೆ ಈ ಊರಿನ ಒಂದು ಹೋಟೆಲಿನಲ್ಲಿ ನಡೆಯಿತು. 1918ರಿಂದ ಇಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಇಷ್ಟು ಹೆಸರಾದ ಊರಿಗೆ ರೈಲು ನಿಲ್ದಾಣವಿಲ್ಲ, ಪಕ್ಕದ ಏಡೆ ಎಂಬಲ್ಲಿ ಇಳಿದು ಬಸ್ಸು ಹಿಡಿಯಬೇಕು. ಊರಿನ ಮಗ್ಗುಲಲ್ಲಿ ಒಂದು ದಿಬ್ಬವಿದೆ, ಅದನ್ನು ಅಲ್ಲಿಯ ಜನ 'ವಾಗೆನಿಂಗೆನ್ ಬೆಟ್ಟ' ಎನ್ನುತ್ತಾರೆ. ಮಗಳು ಮೊದಲ ವಾರ ಅದರ ಚಿತ್ರ ಕಳಿಸಿ, "ಬೆಟ್ಟ ಹತ್ತಿದೆ, ಉಸಿರೂ ಏರಲಿಲ್ಲ" ಎಂದು ಬರೆದಿದ್ದಳು. ಇಡೀ ಹಾಲೆಂಡಿನ ಅತ್ಯಂತ ಎತ್ತರದ ಜಾಗ 322 ಮೀಟರ್ ಮಾತ್ರ. ದೇಶದ ಸುಮಾರು ಕಾಲು ಭಾಗ ಸಮುದ್ರ ಮಟ್ಟಕ್ಕಿಂತ ಕೆಳಗೇ ಇದೆ. ಕಟ್ಟೆ ಕಟ್ಟಿ, ನೀರು ಎತ್ತಿ ಹೊರಹಾಕಿ ಉಳಿಸಿಕೊಂಡ ನೆಲ. ಆ ಕಟ್ಟೆಗಳನ್ನು ನೋಡಿಕೊಳ್ಳಲು 13ನೆಯ ಶತಮಾನದಿಂದಲೇ ಅಲ್ಲಿ ನೀರಿನ ಮಂಡಳಿಗಳಿವೆ. ನೆರೆಯವನು ತನ್ನ ಪಾಲಿನ ಕಟ್ಟೆ ನೋಡದಿದ್ದರೆ ನಮ್ಮ ಹೊಲ ಮುಳುಗುತ್ತದೆ ಎಂಬ ಭಯದಿಂದ ಹುಟ್ಟಿದ ಸಹಕಾರ ಅದು.

ಮಳೆಯ ವಾರ

ಡಿಸೆಂಬರ್ 2ನೆಯ ತಾರೀಕು, ಸೋಮವಾರ. ಫೆಂಗಲ್ ಚಂಡಮಾರುತ ಎರಡು ದಿನ ಮುಂಚೆ ಪುದುಚೇರಿಯ ಹತ್ತಿರ ನೆಲಕ್ಕೆ ಬಿದ್ದು, ಅದರ ಮೋಡ ನಮ್ಮ ಮೇಲೆ ಬಂದ ಹೊತ್ತು. ಸದಸ್ಯರೆಲ್ಲರಿಗೂ ಆ ವಾರ ನೆನಪಿರಬಹುದು. ನಮ್ಮ ಕಣದಲ್ಲಿ ಮೊದಲ ಕೊಯ್ಲಿನ ಪಾರ್ಚ್‌ಮೆಂಟ್ ಹರಡಿತ್ತು, ಪಕ್ಕದಲ್ಲಿ ಚೆರ್ರಿ. ಟಾರ್ಪಾಲು ಹೊದಿಸಿದರೂ ಅಡಿಯಿಂದ ನೀರು ನುಗ್ಗಿತು. ಗಿಡದಲ್ಲಿದ್ದ ಹಣ್ಣು ಉದುರತೊಡಗಿತು. ಬೇಯಿಸಿಟ್ಟ ಅಡಿಕೆಯನ್ನು ಅಟ್ಟಕ್ಕೆ ಸಾಗಿಸಿದೆವು.

ರಾತ್ರಿ ಒಂಬತ್ತೂವರೆಗೆ ಮಗಳು ಫೋನು ಮಾಡಿದಳು. ಅವಳಿಗೆ ಆಗ ಸಂಜೆ ಐದು. ಚಳಿಗಾಲದಲ್ಲಿ ಅವರ ಗಡಿಯಾರ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ನಾಲ್ಕೂವರೆಗೇ ಕತ್ತಲಾಗಿತ್ತು. "ಕಾಫಿ ನೆನೆಯಿತೇ?" ಎಂದು ಕೇಳಿದಳು. "ಸ್ವಲ್ಪ" ಎಂದೆವು. ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಯಿತು. ಮಾತು ಬದಲಿಸಿ, ಪ್ರಬಂಧವನ್ನು ಹತ್ತು ದಿನದಲ್ಲಿ ಎಲ್ಲರೆದುರು ಮಂಡಿಸಬೇಕೆಂದೂ, ಅಷ್ಟರೊಳಗೆ ನಮ್ಮನ್ನೊಂದು ಮಾತು ಕೇಳಬೇಕೆಂದೂ ಹೇಳಿದಳು. ಏನೆಂದು ಅಂದು ಹೇಳಲಿಲ್ಲ.

5ನೆಯ ತಾರೀಕು ಅಲ್ಲಿ ಸಂತ ನಿಕೋಲಾಸರ ಹಬ್ಬದ ಮುನ್ನಾದಿನದ ಸಂಜೆ. ಡಚ್ಚರು ಅವರನ್ನು ಸಿಂಟರ್‌ಕ್ಲಾಸ್ ಎನ್ನುತ್ತಾರೆ. ಬಿಷಪರ ಕೆಂಪು ನಿಲುವಂಗಿ ತೊಟ್ಟ ಮುದುಕರು ನವೆಂಬರಿನಲ್ಲೇ ಸ್ಪೇನಿನಿಂದ ಹಬೆಯ ದೋಣಿಯಲ್ಲಿ ಬಂದಿಳಿಯುತ್ತಾರೆಂದು ಮಕ್ಕಳ ನಂಬಿಕೆ. ಮಕ್ಕಳು ತಮ್ಮ ಬೂಟಿನಲ್ಲಿ ಅವರ ಕುದುರೆಗೆಂದು ಒಂದು ಗಜ್ಜರಿ ಇಡುತ್ತಾರೆ, ಬೆಳಗ್ಗೆ ಅಲ್ಲಿ ಮಿಠಾಯಿ ಇರುತ್ತದೆ. ದೊಡ್ಡವರು ಚೀಟಿ ಎತ್ತಿ ಒಬ್ಬರಿಗೊಬ್ಬರು ಉಡುಗೊರೆ ಕೊಡುವುದು, ಜೊತೆಗೆ ಆ ಮನುಷ್ಯನ ದೋಷಗಳನ್ನು ಹಾಸ್ಯ ಮಾಡುವ ಪ್ರಾಸದ ಪದ್ಯವೊಂದನ್ನು ಕಟ್ಟುವುದು ಪದ್ಧತಿ. ಹೆಸರಿನ ಮೊದಲ ಅಕ್ಷರದ ಆಕಾರದ ಚಾಕೊಲೇಟ್ ಕೊಡುತ್ತಾರೆ. ನಮ್ಮ ಮಗಳಿಗೆ ಬಂದ ಪದ್ಯದಲ್ಲಿ, ಎಂಥ ಕಾಫಿ ಕೊಟ್ಟರೂ ಇವಳು ಮೂಸಿ ನೋಡಿ ಮುಖ ಸಿಂಡರಿಸುತ್ತಾಳೆ ಎಂದಿತ್ತಂತೆ. ಬೆಳೆಗಾರರ ಮನೆಯ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿ ಬೇಡವೆಂದು ನಾವು ನಕ್ಕೆವು. ಮಳೆ ಅಂದು ಬಿಟ್ಟಿತ್ತು.

ಮುಂದಿನ ಮಂಗಳವಾರ, 10ನೆಯ ತಾರೀಕು, ಪೇಟೆಯಲ್ಲಿ ಗುಲ್ಲೆದ್ದಿತು. ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ಅರೇಬಿಕಾ ದರ 1977ರ ದಾಖಲೆಯನ್ನು ಮುರಿಯಿತು. ಹಿರಿಯ ಸದಸ್ಯರಿಗೆ ಆ ವರುಷ ನೆನಪಿದೆ. 1975ರ ಜುಲೈನಲ್ಲಿ ಬ್ರೆಜಿಲಿನ ತೋಟಗಳನ್ನು ಹಿಮ ಸುಟ್ಟುಹಾಕಿದ್ದರ ಫಲ ಅದು. ಆದರೆ ಆಗ ನಮ್ಮ ಕಾಫಿಯೆಲ್ಲ ಮಂಡಳಿಯ ಪೂಲಿಗೆ ಹೋಗುತ್ತಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಈ ಸಲ ಬ್ರೆಜಿಲಿನ ಬರ ಕಾರಣ. ನಲವತ್ತೇಳು ವರುಷಕ್ಕೊಮ್ಮೆ ಬಂದ ದರ, ನಮ್ಮ ಕಣದಲ್ಲಿ ಹುಳಿ ವಾಸನೆಯ ಪಾರ್ಚ್‌ಮೆಂಟ್. ಮಗಳಿಗೆ ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಅಂದು ಕೇಳಬೇಕಾದ್ದನ್ನು ಕೇಳಿದಳು.

ಇಪ್ಪತ್ತಮೂರನೆಯ ತೋಟ

ಅವಳ ಪ್ರಬಂಧದ ವಿಷಯ ಮಲೆನಾಡಿನ ಸಣ್ಣ ಕಾಫಿ ತೋಟಗಳ ನೆರಳು ಮತ್ತು ಬಿಳಿ ಕಾಂಡಕೊರಕ. ಹಿಂದಿನ ವರುಷ ಊರಿಗೆ ಬಂದಿದ್ದಾಗ ಮೂವತ್ತು ತೋಟ ಸುತ್ತಿ ಗಿಡ ಎಣಿಸಿದ್ದಳು. ಹೆಸರು ಹಾಕುವ ಪದ್ಧತಿಯಿಲ್ಲ, ತೋಟಗಳಿಗೆ ನಂಬರು ಕೊಟ್ಟಿದ್ದಳು. ಅದರಲ್ಲಿ ಇಪ್ಪತ್ತಮೂರನೆಯ ತೋಟ ನಮ್ಮದು.

2015ರ ಸುಮಾರಿಗೆ ಕರಿಮೆಣಸಿಗೆ ಕಿಲೋಗೆ ಆರುನೂರು ರೂಪಾಯಿಗೂ ಮೇಲೆ ದರ ಬಂದದ್ದು ಸದಸ್ಯರಿಗೆ ತಿಳಿದೇ ಇದೆ. ಆಗ ನಾವು ಪಡುವಣ ಇಳಿಜಾರಿನ ಹಾಲುವಾಣ ಮರಗಳನ್ನೆಲ್ಲ ತೆಗೆಸಿ, ಉಳಿದ ಮರಗಳ ಕೊಂಬೆ ಬೋಳಿಸಿ, ಸಾಲಾಗಿ ಸಿಲ್ವರ್ ಓಕ್ ಹಾಕಿ ಬಳ್ಳಿ ಹಬ್ಬಿಸಿದೆವು. ತೆಗೆಸಿದವರು ನಮ್ಮಿಬ್ಬರಲ್ಲಿ ಯಾರು ಎಂಬ ಚರ್ಚೆ ಇಲ್ಲಿ ಬೇಡ. ಇಬ್ಬರೂ ಸೇರಿಯೇ ತೆಗೆಸಿದ್ದು. ಮೆಣಸು ಹಬ್ಬುವಷ್ಟರಲ್ಲಿ ದರ ಇಳಿಯಿತು. ಸಂಜೆಯ ಬಿಸಿಲು ಕಾಫಿಯ ಕಾಂಡಕ್ಕೆ ನೇರವಾಗಿ ಬಡಿಯತೊಡಗಿತು. ಕಾಂಡಕೊರಕದ ದುಂಬಿಗೆ ಬೇಕಾದದ್ದೂ ಅದೇ. ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಅದು ಮೊಟ್ಟೆ ಇಡುತ್ತದೆ. ಮರಿ ಒಳಗೆ ಸುರಂಗ ಕೊರೆದು ಗಿಡವನ್ನು ಒಣಗಿಸುತ್ತದೆ. ವರುಷ ವರುಷ ಆ ಇಳಿಜಾರಿನಲ್ಲಿ ಗಿಡ ಹಳದಿಯಾಗಿ ಸಾಯುತ್ತಿದ್ದವು. ನಾವು ಮಣ್ಣನ್ನು ದೂರಿದೆವು, ಮಳೆಯನ್ನು ದೂರಿದೆವು.

"ಮೂವತ್ತು ತೋಟಗಳಲ್ಲಿ ಗಿಡ ಹೆಚ್ಚು ಸತ್ತಿರುವ ತೋಟಗಳಲ್ಲಿ ನಮ್ಮದೂ ಒಂದು. ಅದರ ನಕ್ಷೆಯನ್ನು ತೆರೆಯ ಮೇಲೆ ತೋರಿಸಬೇಕು. ಹೆಸರಿಲ್ಲ, ಯಾರಿಗೂ ತಿಳಿಯುವುದಿಲ್ಲ. ಆದರೆ ನಿಮಗೆ ತಿಳಿಯುತ್ತದೆ. ಬೇಡವೆಂದರೆ ಆ ಚಿತ್ರ ತೆಗೆದು ಬೇರೆಯದು ಹಾಕುತ್ತೇನೆ" ಎಂದಳು.

ನಾವು ಆ ರಾತ್ರಿ ಉತ್ತರ ಕೊಡಲಿಲ್ಲ. ಊಟವೂ ಸರಿಯಾಗಿ ಸೇರಲಿಲ್ಲ. ತೋಟ ಅಡವಿಟ್ಟು ಓದಲು ಕಳಿಸಿದ ಮಗಳು, ಆ ತೋಟದ ತಪ್ಪನ್ನೇ ದೂರದ ಊರಿನಲ್ಲಿ ನಾಲ್ಕು ಜನರ ಎದುರು ಇಡುವುದೇ ಎಂದು ಒಬ್ಬರಿಗೆ ಅನ್ನಿಸಿತು. ಅಷ್ಟು ಖರ್ಚು ಮಾಡಿ ಕಳಿಸಿದ್ದು ನಿಜ ಕಲಿಯಲಿ ಎಂದೇ ಅಲ್ಲವೇ ಎಂದು ಇನ್ನೊಬ್ಬರಿಗೆ. ಬೆಳಗ್ಗೆ ಕಣದಲ್ಲಿ ಕಾಫಿ ಮಗುಚುತ್ತಾ ತೀರ್ಮಾನಕ್ಕೆ ಬಂದೆವು. "ಇರಲಿ, ತೋರಿಸು" ಎಂದು ಎರಡೇ ಮಾತಿನ ಸಂದೇಶ ಕಳಿಸಿದೆವು.

12ನೆಯ ತಾರೀಕು ಅವರ ಮಧ್ಯಾಹ್ನ ಮೂರು, ನಮ್ಮ ರಾತ್ರಿ ಏಳೂವರೆ. ಮನೆಯೊಳಗೆ ಸಿಗ್ನಲ್ ಸಿಗದ ಕಾರಣ ಕಣದ ಮೂಲೆಯಲ್ಲಿ ಕುರ್ಚಿ ಹಾಕಿ ಕೂತು ಫೋನಿನಲ್ಲಿ ನೋಡಿದೆವು. ಚಿತ್ರ ನಿಂತು ನಿಂತು ಬರುತ್ತಿತ್ತು. ಇಂಗ್ಲಿಷು ಅರ್ಧ ತಿಳಿಯಿತು. ಇಪ್ಪತ್ತು ಮಂದಿ ಕೂತಿದ್ದ ಕೋಣೆಯಲ್ಲಿ ಮಗಳು ಸೀರೆ ಉಟ್ಟು ನಿಂತಿದ್ದಳು. ಇಪ್ಪತ್ತಮೂರನೆಯ ತೋಟದ ಚಿತ್ರ ಬಂದಾಗ ನಮ್ಮ ಇಳಿಜಾರಿನ ಆಕಾರವನ್ನು ನಾವು ಕೂಡಲೇ ಗುರುತು ಹಿಡಿದೆವು.

ಅವಳ ಪ್ರಾಧ್ಯಾಪಕರಲ್ಲಿ ಒಬ್ಬರು, "ಈ ಬೆಳೆಗಾರ ಯಾಕೆ ಹೀಗೆ ಮಾಡಿದ? ನೆರಳಿನ ಬೆಲೆ ಅವನಿಗೆ ತಿಳಿದಿರಲಿಲ್ಲವೇ?" ಎಂದು ಕೇಳಿದರು. ಮಗಳು ಕೊಟ್ಟ ಉತ್ತರವನ್ನು ಆಮೇಲೆ ಅವಳಿಂದಲೇ ಕನ್ನಡದಲ್ಲಿ ಕೇಳಿ ತಿಳಿದೆವು. "ತಿಳಿದಿತ್ತು. ಅವರು ದಡ್ಡರಲ್ಲ. ಆ ವರುಷದ ದರಕ್ಕೆ, ಮೇಲಿದ್ದ ಸಾಲಕ್ಕೆ, ಆ ಲೆಕ್ಕವೇ ಸರಿಯಾಗಿ ಕಂಡಿತು. ಆ ಲೆಕ್ಕದಲ್ಲಿ ಸಾಯುವ ಗಿಡಗಳ ಖರ್ಚನ್ನು ಯಾರೂ ಬರೆದುಕೊಟ್ಟಿರಲಿಲ್ಲ."

ಹತ್ತಕ್ಕೆ ಎಂಟು ಅಂಕ ಬಂತು. "ಎಂಟೇ?" ಎಂದು ನಾವು ಸಪ್ಪಗಾದೆವು. ಅಲ್ಲಿ ಆರು ಬಂದರೆ ಪಾಸು, ಎಂಟು ಬಂದರೆ ಬಹಳ ಚೆನ್ನಾಗಿದೆ, ಒಂಬತ್ತು ಅಪರೂಪ, ಹತ್ತನ್ನು ಯಾರಿಗೂ ಕೊಡುವುದೇ ಇಲ್ಲವೆಂಬಷ್ಟು ಕಡಿಮೆಯೆಂದು ಅವಳು ವಿವರಿಸಿದ ಮೇಲೆ ನೆರೆಹೊರೆಗೆ ಹೇಳಿದೆವು.

ಅಮ್‌ಸ್ಟರ್‌ಡಾಮಿನ ಗಾಜಿನ ಮನೆ

ಆ ಶನಿವಾರ, 14ನೆಯ ತಾರೀಕು, ಅವಳು ಅಮ್‌ಸ್ಟರ್‌ಡಾಮಿಗೆ ಹೋದಳು. ಎರಡು ವರುಷದಿಂದ ಮುಂದೂಡುತ್ತಾ ಬಂದ ಒಂದು ಕೆಲಸವಿತ್ತು. ಅಲ್ಲಿ 1638ರಲ್ಲಿ ಆರಂಭವಾದ ಸಸ್ಯೋದ್ಯಾನವೊಂದಿದೆ. ಅದರ ಗಾಜಿನ ಮನೆಯ ಕಾಫಿ ಗಿಡವನ್ನು ನೋಡಬೇಕಿತ್ತು.

ಈ ಉದ್ಯಾನಕ್ಕೂ ನಮಗೂ ಇರುವ ನಂಟನ್ನು ಕೇಳಿ. ಬಾಬಾ ಬುಡನ್ ಸಾಹೇಬರು ಮೋಖಾದಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. 1696ರಲ್ಲಿ ಡಚ್ಚರು ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದರು. ಅವು ಪ್ರವಾಹದಲ್ಲಿ ಹಾಳಾದವು. 1699ರಲ್ಲಿ ಮತ್ತೆ ಒಯ್ದರು, ಅವು ಬದುಕಿದವು. ಮಲಬಾರಿನ ಆ ಗಿಡಗಳು ನಮ್ಮ ಗಿರಿಯ ಸಂತಾನವೇ ಎಂಬುದು ಬಹುಕಾಲದ ನಂಬಿಕೆ. ಜಾವಾದಿಂದ 1706ರಲ್ಲಿ ಒಂದು ಗಿಡ ಅಮ್‌ಸ್ಟರ್‌ಡಾಮಿನ ಈ ಉದ್ಯಾನಕ್ಕೆ ಬಂತು. ಅದರ ಸಂತಾನದ ಒಂದು ಗಿಡವನ್ನು 1714ರಲ್ಲಿ ಆ ನಗರದವರು ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಗಿ ಕೊಟ್ಟರು. ಅಲ್ಲಿಂದ ಮಾರ್ಟಿನಿಕ್ ದ್ವೀಪಕ್ಕೆ, ಅಲ್ಲಿಂದ ಅಮೆರಿಕ ಖಂಡದ ಅನೇಕ ದೇಶಗಳಿಗೆ. ನಮ್ಮೊಡನೆ ಇಂದು ಪೈಪೋಟಿಗೆ ನಿಂತಿರುವ ತೋಟಗಳ ಮೂಲವನ್ನು ಹುಡುಕುತ್ತಾ ಹೋದರೆ ಈ ಗಾಜಿನ ಮನೆಗೆ, ಅದರ ಹಿಂದೆ ಮಲಬಾರಿಗೆ ಬಂದು ಮುಟ್ಟುತ್ತೇವೆ.

ಮಗಳು ಗಿಡದ ಚಿತ್ರ ಕಳಿಸಿದಳು. ಹೊರಗೆ ಮಂಜು, ಒಳಗೆ ಬೆಚ್ಚಗೆ ಗಿಡ. "ಕಾಂಡ ನೋಡಿದೆ, ಕೊರಕವಿಲ್ಲ" ಎಂದು ಕೆಳಗೆ ಬರೆದಿದ್ದಳು. ಎರಡು ವರುಷ ಕೈಬಿಟ್ಟಿದ್ದ ಅಳು ಆ ಗಿಡದ ಮುಂದೆ ಬಂತೆಂದು ಆಮೇಲೆ ಹೇಳಿದಳು.

ಹಾಲೆಂಡಿನ ಸಹಕಾರದ ಬಗ್ಗೆ ಅವಳು ಕಳಿಸಿದ ಎರಡು ವಿಚಾರಗಳನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಮೊದಲನೆಯದು ಆಲ್ಸ್‌ಮೇರ್ ಎಂಬಲ್ಲಿಯ ಹೂವಿನ ಹರಾಜು. ಅದರ ಒಡೆಯರು ಹೂ ಬೆಳೆಯುವ ರೈತರೇ, ಅದು ಅವರ ಸಹಕಾರ ಸಂಘ. ಅಲ್ಲಿ ಬೆಲೆ ಕೆಳಗಿಂದ ಏರುವುದಿಲ್ಲ. ಗಡಿಯಾರದ ಮುಳ್ಳಿನಂತೆ ಮೇಲಿಂದ ಇಳಿಯುತ್ತಾ ಬರುತ್ತದೆ. ಮೊದಲು ತಡೆದವನಿಗೆ ಮಾಲು. ತಡಮಾಡಿದವನ ಕೈ ಬರಿದು. ನಮ್ಮ ಅಡಿಕೆ ಟೆಂಡರಿನಲ್ಲಿ ಖರೀದಿದಾರ ಚೀಟಿ ಬರೆದು ಹಾಕುತ್ತಾನೆ, ಅಲ್ಲಿ ಗಡಿಯಾರದೊಡನೆ ಧೈರ್ಯದ ಪಂದ್ಯ ಕಟ್ಟುತ್ತಾನೆ. ಎರಡನೆಯದು ಅಲ್ಲಿಯ ದೊಡ್ಡ ರಾಬೋಬ್ಯಾಂಕ್. ಅದರ ಬೇರು ರೈಫೈಸನ್ ಮಾದರಿಯ ಹಳ್ಳಿಯ ರೈತ ಸಾಲ ಸಂಘಗಳಲ್ಲಿದೆ. 1972ರಲ್ಲಿ ಅವುಗಳ ಎರಡು ಒಕ್ಕೂಟಗಳು ಕೂಡಿ ಈ ಬ್ಯಾಂಕಾಯಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ತೆರೆದ ಸಂಘವೂ ಅದೇ ವಂಶದ ಕೂಸು.

ಗಂಟು ಮೂಟೆ

17ನೆಯ ತಾರೀಕು ಯುರೋಪಿನ ಸಂಸತ್ತಿನಲ್ಲಿ ಮತದಾನವಿತ್ತು. ಕಾಡು ಕಡಿದ ನೆಲದ ಕಾಫಿಯನ್ನು ಯುರೋಪಿಗೆ ಬಿಡಬಾರದೆಂಬ 2023ರ ಕಾಯಿದೆ ಆ ವರುಷದ ಕಡೆಗೇ ಜಾರಿಯಾಗಬೇಕಿತ್ತು. ಅಂದು ಅದನ್ನು ಒಂದು ವರುಷ ಮುಂದಕ್ಕೆ ಹಾಕಿದರು. 2025ರ ಡಿಸೆಂಬರಿನಲ್ಲಿ ಇನ್ನೊಂದು ವರುಷ ಮುಂದಕ್ಕೆ ಹೋಯಿತು. ಕಾಯಿದೆ ರದ್ದಾಗಿಲ್ಲ ಎಂಬುದನ್ನು ಸದಸ್ಯರು ಗಮನದಲ್ಲಿಡಬೇಕು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದ್ದಲ್ಲವೆಂದು ತೋರಿಸಬೇಕು, ತೋಟ ಇರುವ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ನಾಲ್ಕು ಹೆಕ್ಟೇರಿಗಿಂತ ಕಡಿಮೆಯ ತೋಟಕ್ಕೆ ಒಂದು ಬಿಂದುವಿನ ಗುರುತು ಸಾಕು. ಅಡಿಕೆ ಆ ಪಟ್ಟಿಯಲ್ಲಿಲ್ಲ. ಮಗಳು ಇದನ್ನೆಲ್ಲ ಹೇಳಿ, "ಪಹಣಿ ಸರಿಮಾಡಿಸಿಡಿ, ಮುಂದೂಡಿದ್ದಾರೆಂದು ಸುಮ್ಮನಿರಬೇಡಿ" ಎಂದಳು.

ಆ ವಾರ ಅವಳಿಗೆ ಬಿಡುವಿರಲಿಲ್ಲ. ಪುರಸಭೆಗೆ ಹೋಗಿ ಊರಿನ ಪಟ್ಟಿಯಿಂದ ಹೆಸರು ತೆಗೆಸಬೇಕು. ಪುಸ್ತಕಾಲಯದ ಪುಸ್ತಕ, ಕೋಣೆಯ ಬೀಗದ ಕೈ ಒಪ್ಪಿಸಬೇಕು. ಎರಡು ವರುಷ ಮಳೆಗಾಳಿಯಲ್ಲಿ ತುಳಿದ ಸೈಕಲನ್ನು ಹೊಸದಾಗಿ ಬಂದ ಹುಡುಗನಿಗೆ, ಕೊಂಡ ಬೆಲೆಯ ಅರ್ಧಕ್ಕೆ ಮಾರಿದಳು. ಕೋಣೆಯ ಮಾಲೀಕರು ಗೋಡೆಯ ಮೇಲೊಂದು ಅರಿಸಿನದ ಕಲೆ ಕಂಡು ಠೇವಣಿಯಲ್ಲಿ ಸ್ವಲ್ಪ ಮುರಿದುಕೊಂಡರು. ಅರಿಸಿನದ ಕಲೆ ಹೋಗುವುದಿಲ್ಲವೆಂದು ನಾವು ಮೊದಲೇ ಹೇಳಿದ್ದೆವು.

20ನೆಯ ತಾರೀಕು ರಾತ್ರಿ ಗೆಳತಿಯರು ಸೇರಿದರು. ಕೊಲಂಬಿಯಾದ ಹುಡುಗಿ ಕಿಟಕಿಯಲ್ಲಿ ಮೇಣದ ಬತ್ತಿ ಸಾಲಿಟ್ಟಳು. ಅವರ ದೇಶದಲ್ಲಿ ಡಿಸೆಂಬರ್ 7ರ ರಾತ್ರಿ ಮಾತೆಯ ಹಬ್ಬದ ಮುನ್ನಾದಿನ ಮನೆಮನೆಯಲ್ಲಿ ಹೀಗೆ ಬತ್ತಿ ಹಚ್ಚುತ್ತಾರಂತೆ. ಪರೀಕ್ಷೆಯ ಕಾರಣ ಅವಳದು ತಡವಾಗಿತ್ತು. ಇಥಿಯೋಪಿಯಾದ ಹುಡುಗಿ ಹಸಿ ಕಾಫಿಯನ್ನು ಬಾಣಲೆಯಲ್ಲಿ ಹುರಿದು, ಧೂಪ ಹಾಕಿ, ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಬಡಿಸಿದಳು. ಒಂದೊಂದು ಸುತ್ತಿಗೂ ಬೇರೆ ಹೆಸರು, ಮೂರನೆಯದಕ್ಕೆ ಆಶೀರ್ವಾದವೆಂದು ಅರ್ಥ. ಅದು ಮುಗಿಯುವ ಮೊದಲು ಏಳುವಂತಿಲ್ಲ. ಅವಳಿಗೆ ಊರಿಗೆ ಹೋಗುವ ಆತುರವಿರಲಿಲ್ಲ, ಅವರ ಕ್ರಿಸ್ಮಸ್ ಜನವರಿ 7ಕ್ಕೆ. ನಮ್ಮ ಮಗಳು ಮನೆಯಿಂದ ಒಯ್ದಿದ್ದ ಪುಡಿಯಲ್ಲಿ ಉಳಿದಿದ್ದ ಎರಡು ಚಮಚವನ್ನು ಚಿಕೋರಿ ಇಲ್ಲದೆ ಫಿಲ್ಟರಿಗೆ ಹಾಕಿದಳು. ಮೂವರೂ ಬೆಳೆಗಾರರ ಮನೆಯ ಮಕ್ಕಳು. ಮೂವರ ಮನೆಗೂ ಆ ವರುಷ ಮಳೆಯದೋ ಬರದ್ದೋ ಒಂದು ಕಥೆಯಿತ್ತು.

ಕೇಳದ ಪ್ರಶ್ನೆ

ಇಷ್ಟೆಲ್ಲ ಮಾತಾಡಿದರೂ ಒಂದು ಪ್ರಶ್ನೆಯನ್ನು ನಾವು ಕೇಳಿರಲಿಲ್ಲ. ಬರುವುದು ಹಬ್ಬಕ್ಕೋ, ಉಳಿಯುವುದಕ್ಕೋ? ಹಾಲೆಂಡಿನಲ್ಲಿ ಪದವಿ ಪಡೆದವರು ಮೂರು ವರುಷದೊಳಗೆ ಅರ್ಜಿ ಹಾಕಿ ಕೆಲಸ ಹುಡುಕಲು ಒಂದು ವರುಷದ ಪರವಾನಗಿ ಪಡೆಯಬಹುದು. ಅವಳ ಜೊತೆಯವರು ಹಲವರು ಅದಕ್ಕೆ ಸಿದ್ಧರಾಗಿದ್ದರು. ಸಂಶೋಧನೆಯ ಒಂದು ಕೆಲಸದ ಮಾತು ಅವಳಿಗೂ ಬಂದಿತ್ತೆಂದು ನಮಗೆ ಅಷ್ಟಿಷ್ಟು ತಿಳಿದಿತ್ತು. ನಮಗೆ ವಯಸ್ಸಾಗುತ್ತಿದೆ. ಕೊಯ್ಲಿಗೆ ಆಳು ಸಿಗುವುದಿಲ್ಲ. ಸಾಲದ ಕಂತು ಮುಂದಿನ ವರುಷದಿಂದ ಶುರು. ಅವಳು ಅಲ್ಲಿ ದುಡಿದರೆ ಸಾಲ ತೀರುತ್ತದೆ, ಇಲ್ಲಿ ಉಳಿದರೆ ತೋಟ ಉಳಿಯುತ್ತದೆ. ಎರಡನ್ನೂ ಒಬ್ಬಳಿಂದಲೇ ಬಯಸುವುದು ನ್ಯಾಯವೇ ಎಂಬುದು ನಮ್ಮನ್ನು ಕಾಡುತ್ತಿತ್ತು.

21ರಂದು ಸ್ಕಿಪೋಲ್ ವಿಮಾನ ನಿಲ್ದಾಣದಿಂದ ಹೊರಟಳು. 1852ರಲ್ಲಿ ನೀರೆತ್ತಿ ಬತ್ತಿಸಿದ ದೊಡ್ಡ ಕೆರೆಯ ತಳದಲ್ಲಿ, ಸಮುದ್ರ ಮಟ್ಟಕ್ಕಿಂತ ಸುಮಾರು ಮೂರು ಮೀಟರ್ ಕೆಳಗೆ ಇರುವ ನಿಲ್ದಾಣವದು. ಮರುದಿನ ಬೆಂಗಳೂರಿಗೆ ಬಂದು, ಸಂಜೆಗೆ ಮನೆ ಸೇರಿದಳು. ಪೆಟ್ಟಿಗೆ ಇಳಿಸುವ ಮೊದಲೇ ಕಣಕ್ಕೆ ಹೋಗಿ ಒಂದು ಹಿಡಿ ಪಾರ್ಚ್‌ಮೆಂಟ್ ಎತ್ತಿ ಮೂಸಿದಳು. ಏನೂ ಹೇಳಲಿಲ್ಲ.

ಆ ರಾತ್ರಿ ಕುಸ್ವಾರಿನ ಹಿಟ್ಟು ನಾದುತ್ತಾ ಕೂತಾಗ ಅವಳೇ ಮಾತು ತೆಗೆದಳು. ಹೋಗಿಬರುವ ಟಿಕೆಟು ಒಂದು ದಾರಿಯ ಟಿಕೆಟಿಗಿಂತ ಸ್ವಲ್ಪವೇ ಹೆಚ್ಚಿತ್ತೆಂದೂ, ಅದಕ್ಕೇ ಎರಡೂ ದಾರಿಗೆ ತೆಗೆದೆನೆಂದೂ ಹೇಳಿದಳು. ಹಿಂತಿರುಗುವ ತಾರೀಕು ಮಾರ್ಚ್ ಕೊನೆ. "ಹೂಮಳೆ ನೋಡಿ ತೀರ್ಮಾನ ಮಾಡುತ್ತೇನೆ" ಎಂದಳು. ನಾವು ಟಿಕೆಟಿನ ಕಾಗದವನ್ನು ಕಪಾಟಿನಲ್ಲಿ ಪಹಣಿಯ ಜೊತೆ ಇಟ್ಟೆವು.

ಕ್ರಿಸ್ಮಸ್ ರಾತ್ರಿಯ ಪೂಜೆ, ಗೋದಲಿ, ನಕ್ಷತ್ರದ ದೀಪ, ನೆರೆಮನೆಗಳಿಗೆ ಕುಸ್ವಾರಿನ ತಟ್ಟೆ ಎಲ್ಲ ಎಂದಿನಂತೆ ಆಯಿತು. 26ರ ಬೆಳಗ್ಗೆ ಅವಳು ಹಳೆಯ ಕೆಂಪು ಸೀರೆಯೊಂದನ್ನು ಪಟ್ಟಿ ಪಟ್ಟಿಯಾಗಿ ಹರಿದು ಪಡುವಣ ಇಳಿಜಾರಿಗೆ ನಡೆದಳು. ಎಲೆ ಹಳದಿಯಾದ, ಕಾಂಡದ ಮೇಲೆ ಉಬ್ಬು ಗೆರೆ ಎದ್ದ ಗಿಡಕ್ಕೆಲ್ಲ ಒಂದೊಂದು ಪಟ್ಟಿ ಕಟ್ಟಿದಳು. ನಾವೂ ಹಿಂದೆ ಹೋದೆವು. ಸಂಜೆಗೆ ಎಣಿಸಿದರೆ 41 ಗಿಡ. ಹಣ್ಣು ಕೊಯ್ದುಕೊಂಡು, ಬೇರುಸಹಿತ ಕಿತ್ತು ಸುಟ್ಟೆವು. ಉಳಿದ ಗಿಡಗಳ ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದೆವು. ಮುಂದೆ ದುಂಬಿ ಹಾರುವ ಕಾಲಕ್ಕೆ ಮುಂಚೆ ನೂರಕ್ಕೆ ಹತ್ತರ ಸುಣ್ಣದ ನೀರನ್ನು ಕಾಂಡಕ್ಕೆ ಹೊಡೆದೆವು. ಇದೆಲ್ಲ ಕಾಫಿ ಮಂಡಳಿಯವರು ವರುಷಗಳಿಂದ ಹೇಳುತ್ತಲೇ ಬಂದ ಮಾತು. ನಾವೇ ಕೇಳಿರಲಿಲ್ಲ.

ಮಾರ್ಚಿನಲ್ಲಿ ಹೂ ಅರಳಿತು. ತಿಂಗಳ ಕೊನೆಗೆ ಅವಳು ಹೋದಳು. ಎರಡು ವರುಷದ ಕೆಲಸ, ಅಲ್ಲಿಯೇ. ತೀರ್ಮಾನ ಅವಳದು, ನಾವು ಬೇಡವೆನ್ನಲಿಲ್ಲ. ಸಂತೋಷವೆಂದು ಹೇಳಿದರೆ ಪೂರ್ತಿ ನಿಜವಾಗದು. ಬಸ್ಸು ಹತ್ತಿಸಿ ಬಂದ ದಿನ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಸಾಲದ ಕಂತು ಈಗ ತಪ್ಪದೆ ಹೋಗುತ್ತಿದೆ. ಜೂನಿನ ಮಳೆಗೆ ಪಡುವಣ ಇಳಿಜಾರಿನಲ್ಲಿ ಹಾಲುವಾಣದ ಗೂಟಗಳನ್ನು ಮತ್ತೆ ನೆಟ್ಟೆವು. ಅವು ಚಿಗುರಿವೆ, ನೆರಳಿಗೆ ಇನ್ನೂ ಕಾಲ ಬೇಕು.

ಮಕ್ಕಳನ್ನು ಕಳಿಸುವ ಸದಸ್ಯರಿಗೆ ನಮ್ಮ ಅನುಭವದಿಂದ ಮೂರು ಮಾತು. ಸಾಲ ಮಾಡುವಾಗ ಕಂತು ಎಂದು ಶುರುವಾಗುತ್ತದೆ ಎಂಬುದನ್ನು ಮಗ ಅಥವಾ ಮಗಳಿಗೂ ತಿಳಿಸಿ, ಮುಚ್ಚಿಡಬೇಡಿ. ತೋಟದ ಕಷ್ಟವನ್ನು ಫೋನಿನಲ್ಲಿ 'ಸ್ವಲ್ಪ' ಎಂದು ತೇಲಿಸಬೇಡಿ, ಅವರಿಗೆ ಹೇಗೂ ತಿಳಿಯುತ್ತದೆ. ಅವರು ಕಲಿತದ್ದು ನಮ್ಮ ತಪ್ಪನ್ನು ತೋರಿಸಿದರೆ ತೋರಿಸಲು ಬಿಡಿ. ಅಷ್ಟು ದುಡ್ಡು ಕೊಟ್ಟು ಕೊಂಡ ಸಲಹೆ ಬೇರೆಲ್ಲೂ ಸಿಗುವುದಿಲ್ಲ.

2025ರ ಕ್ರಿಸ್ಮಸ್ಸಿಗೆ ಅವಳಿಗೆ ರಜೆ ಸಿಗಲಿಲ್ಲ. ನಾವಿಬ್ಬರೇ ಕೆಂಪು ಪಟ್ಟಿ ಹಿಡಿದು ಇಳಿಜಾರು ಸುತ್ತಿದೆವು. ರಾತ್ರಿ ಹತ್ತಕ್ಕೆ ಫೋನು ಬಂತು, ಅಲ್ಲಿ ಐದೂವರೆ. ಹಬ್ಬದ ಶುಭಾಶಯ ಹೇಳುವ ಮೊದಲೇ ಅವಳು ಕೇಳಿದ್ದು, "ಎಷ್ಟು ಗಿಡ?"

"ಹದಿನೇಳು" ಎಂದೆವು.